ಹಳೆ ದೆಹಲಿಯಲ್ಲಿ ಫುಡ್ ವಾಕ್: ದಾವಣಗೆರೆಯಿಂದ ಹೊರಡುವವರಿಗೆ ಹಂತ ಹಂತದ ಮಾರ್ಗದರ್ಶಿ

ದೀಪಾವಳಿ ಮುಗಿದು ಉತ್ತರ ಭಾರತ ಯಾತ್ರೆಗೆ ಹೆಸರು ಬರೆಸುವ ಕಾಲ ಬಂತೆಂದರೆ ದಾವಣಗೆರೆಯ ಓದುಗರಿಂದ ನನಗೆ ಬರುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ. ಕಾಶಿ, ಅಯೋಧ್ಯೆ, ಆಗ್ರಾ ಮುಗಿಸಿಕೊಂಡು ದೆಹಲಿಯಲ್ಲಿ ಒಂದೆರಡು ದಿನ ಉಳಿಯುತ್ತೇವೆ. ಅಲ್ಲಿ ಗೈಡ್ ಜೊತೆ ನಡೆದಾಡುತ್ತ ತಿನ್ನುವ ‘ಫುಡ್ ವಾಕ್’ ಇದೆಯಂತೆ, ಅದಕ್ಕೆ ದುಡ್ಡು ಹಾಕಬಹುದೇ? ಬೆನ್ನಿಗೇ ಉಪಪ್ರಶ್ನೆಗಳು: ನಾವು ಶುದ್ಧ ಸಸ್ಯಾಹಾರಿಗಳು, ನಡೆಯುತ್ತದೆಯೇ? ಅತ್ತೆಯವರಿಗೆ ಸಕ್ಕರೆ ಕಾಯಿಲೆ, ಮಾವನವರಿಗೆ ಮಂಡಿನೋವು, ಕರೆದೊಯ್ಯಬಹುದೇ? ಹೊಟ್ಟೆ ಕೆಟ್ಟರೆ ವಾಪಸ್ ಬರುವ ರೈಲಿನಲ್ಲಿ ಏನು ಗತಿ?

ಒಬ್ಬೊಬ್ಬರಿಗೂ ಬೇರೆ ಬೇರೆ ಉತ್ತರಿಸುವ ಬದಲು ಎಲ್ಲವನ್ನೂ ಇಲ್ಲೇ ಹೇಳಿಬಿಡುತ್ತೇನೆ. ದುಡ್ಡು ಹಾಕಬಹುದು. ಆದರೆ ಆ ದುಡ್ಡು ಯಾತಕ್ಕೆ ಎಂಬುದು ತಿಳಿದಿರಲಿ. ಚಾಂದನಿ ಚೌಕದ ಜಿಲೇಬಿಯನ್ನು ಯಾರು ಬೇಕಾದರೂ ಸಾಲಿನಲ್ಲಿ ನಿಂತು ಕೊಳ್ಳಬಹುದು, ಅದಕ್ಕೆ ಗೈಡ್ ಬೇಕಾಗಿಲ್ಲ. ಯಾವ ಅಂಗಡಿಯಲ್ಲಿ ಯಾವ ಹೊತ್ತಿಗೆ ಏನನ್ನು ಎಷ್ಟು ತಿನ್ನಬೇಕು, ಎಲ್ಲಿ ಆಸೆಯಾದರೂ ನಿಲ್ಲದೆ ಮುಂದೆ ಹೋಗಬೇಕು ಎಂದು ಬಲ್ಲ ಒಬ್ಬ ಮನುಷ್ಯನ ಮೂರು ಗಂಟೆಯನ್ನು ನೀವು ಕೊಳ್ಳುತ್ತಿದ್ದೀರಿ. ಹಾಗಾಗಿ ಕೆಳಗಿನ ಹಂತಗಳಲ್ಲಿ ಹೆಚ್ಚಿನ ಮಾತು ತಿಂಡಿಗಿಂತ ಆ ಮನುಷ್ಯನನ್ನು ಆರಿಸುವುದರ ಬಗ್ಗೆ, ಅವರಿಗೆ ನಿಮ್ಮ ವಿಷಯ ಸರಿಯಾಗಿ ತಿಳಿಸುವುದರ ಬಗ್ಗೆಯೇ ಇದೆ.

ನಮ್ಮ ಕಡೆಯ ಯಾತ್ರೆ ಬಸ್ಸುಗಳು ಅಡುಗೆಯವರನ್ನೂ ದಿನಸಿಯನ್ನೂ ಜೊತೆಗೇ ಒಯ್ಯುತ್ತವೆ. ಅದರಲ್ಲಿ ತಪ್ಪೇನಿಲ್ಲ, ವಯಸ್ಸಾದವರಿಗೆ ಹೊತ್ತಿಗೆ ಸರಿಯಾಗಿ ಅನ್ನ, ಸಾರು ಸಿಕ್ಕರೆ ಅರ್ಧ ದಣಿವು ಕಡಿಮೆ. ಆದರೆ ಕೆಂಪುಕೋಟೆಯ ಎದುರು ಚಿತ್ರಾನ್ನ ತಿಂದು ಊರಿಗೆ ಮರಳುವುದು ನನಗಂತೂ ಒಗ್ಗದು. ತಂಡದ ಮುಖ್ಯಸ್ಥರಿಗೆ ಮೊದಲೇ ಹೇಳಿ ಒಂದು ಬೆಳಗು ಬಿಡಿಸಿಕೊಂಡರೆ ಸಾಕು.

ಮೊದಲು ಒಂದಿಷ್ಟು ಪದಗಳು, ಒಂದಿಷ್ಟು ಸಾಮಾನು

ಫುಡ್ ವಾಕ್ ಎಂದರೆ ಒಬ್ಬ ಗೈಡ್, ನಾಲ್ಕರಿಂದ ಹತ್ತು ಹನ್ನೆರಡು ಜನ, ಮೂರು ನಾಲ್ಕು ಗಂಟೆ, ಎರಡು ಮೂರು ಕಿಲೋಮೀಟರ್ ನಡಿಗೆ, ಆರೆಂಟು ಕಡೆ ನಿಲುಗಡೆ. ಪ್ರತಿ ನಿಲುಗಡೆಯಲ್ಲಿ ಸಿಗುವ ಚಿಕ್ಕ ಪಾಲಿಗೆ ‘ಟೇಸ್ಟಿಂಗ್’ ಎನ್ನುತ್ತಾರೆ. ಪರಿಚಯವಿಲ್ಲದವರ ಜೊತೆ ಹೋಗುವುದು ‘ಗ್ರೂಪ್ ವಾಕ್’, ನಿಮ್ಮ ಮನೆಯವರು ಮಾತ್ರ ಹೋಗುವುದು ‘ಪ್ರೈವೇಟ್ ವಾಕ್’. ‘ಫ್ರೀ ವಾಕ್’ ಎಂದು ಕಂಡರೆ ಪೂರ್ತಿ ಬಿಟ್ಟಿ ಎಂದು ತಿಳಿಯಬೇಡಿ: ಮುಂಗಡ ಇರುವುದಿಲ್ಲ, ಕೊನೆಯಲ್ಲಿ ನಿಮಗೆ ತೋಚಿದಷ್ಟು ಕೊಡಬೇಕು, ತಿಂದದ್ದರ ದುಡ್ಡು ಬೇರೆ. ‘ಮೀಟಿಂಗ್ ಪಾಯಿಂಟ್’ ಎಂದರೆ ಎಲ್ಲರೂ ಸೇರುವ ಜಾಗ. ಹಳೆ ದೆಹಲಿಯಲ್ಲಿ ಅದು ಸಾಮಾನ್ಯವಾಗಿ ಯಾವುದಾದರೂ ಮೆಟ್ರೊ ನಿಲ್ದಾಣದ ಗೇಟು.

ಸಾಮಾನಿನ ಪಟ್ಟಿ ದೊಡ್ಡದಲ್ಲ. ಮುಂಭಾಗ ಮುಚ್ಚಿದ, ಈಗಾಗಲೇ ಕಾಲಿಗೆ ಪಳಗಿದ ಶೂ. ತಲೆಗೆ ಹೊದೆಯಲು ಒಂದು ದೊಡ್ಡ ಕರವಸ್ತ್ರ ಅಥವಾ ದುಪಟ್ಟಾ. ಕೈ ತೊಳೆಯುವ ದ್ರವ, ಒಂದಿಷ್ಟು ಕಾಗದದ ಕರವಸ್ತ್ರ. ನೀರಿನ ಬಾಟಲಿ. ಹತ್ತು, ಇಪ್ಪತ್ತು, ಐವತ್ತರ ನೋಟುಗಳು, ಏಕೆಂದರೆ ಮೊಬೈಲ್‌ನಲ್ಲಿ ದುಡ್ಡು ಕಳಿಸುವ ವ್ಯವಸ್ಥೆ ಎಲ್ಲ ಕಡೆ ಇದ್ದರೂ ಜನಜಂಗುಳಿಯ ಗಲ್ಲಿಯಲ್ಲಿ ನೆಟ್‌ವರ್ಕ್ ಕೈಕೊಡುತ್ತದೆ. ಓಆರ್‌ಎಸ್ ಪೊಟ್ಟಣಗಳು. ಇವೆಲ್ಲಕ್ಕಿಂತ ಮುಖ್ಯವಾಗಿ, ತಲೆಗೊಂದರಂತೆ ಸ್ಟೀಲ್ ಚಮಚ ಮತ್ತು ಎರಡು ಮೂರು ಸಣ್ಣ ತಟ್ಟೆ. ಇದೇಕೆಂದು ನಾಲ್ಕನೇ ಹಂತದಲ್ಲಿ ಹೇಳುತ್ತೇನೆ.

1. ತಿಂಗಳು, ವಾರ, ಹೊತ್ತು ಗೊತ್ತುಮಾಡಿ

ಅಕ್ಟೋಬರ್ ಕೊನೆಯಿಂದ ಮಾರ್ಚ್‌ವರೆಗೆ ಹೋಗಬಹುದು. ಅದರಲ್ಲೂ ಫೆಬ್ರವರಿ ಹಿತ. ನವೆಂಬರ್‌ನಲ್ಲಿ ದೆಹಲಿಯ ಗಾಳಿ ತೀರಾ ಕೆಟ್ಟಿರುತ್ತದೆ. ಉಬ್ಬಸ ಇರುವವರು ಆ ತಿಂಗಳನ್ನು ಬಿಡುವುದೇ ಲೇಸು. ಡಿಸೆಂಬರ್ ಕೊನೆ, ಜನವರಿಯಲ್ಲಿ ಮಂಜು ಮುಸುಕಿ ರೈಲು, ವಿಮಾನಗಳು ಗಂಟೆಗಟ್ಟಲೆ ತಡವಾಗುತ್ತವೆ. ಆದ್ದರಿಂದ ದೆಹಲಿಗೆ ಇಳಿಯುವ ದಿನವೇ ವಾಕ್ ಬುಕ್ ಮಾಡಬೇಡಿ. ಮೇ, ಜೂನ್‌ನಲ್ಲಿ ಮಕ್ಕಳಿಗೆ ರಜೆ ಇದೆಯೆಂದು ಹೊರಡುವವರಿಗೆ ನನ್ನದು ಒಂದೇ ಮಾತು: ಬೇಡ. ಆ ಬಿಸಿಲಿನಲ್ಲಿ ಬಾಯಿಗೆ ನೀರು ಬಿಟ್ಟರೆ ಬೇರೇನೂ ರುಚಿಸುವುದಿಲ್ಲ.

ಭಾನುವಾರ ಬೇಡ, ಚಾಂದನಿ ಚೌಕದ ಸಗಟು ಅಂಗಡಿಗಳಲ್ಲಿ ಬಹುಪಾಲು, ಮಸಾಲೆ ಮಾರುಕಟ್ಟೆ ಖಾರಿ ಬಾವೋಲಿಯೂ ಸೇರಿ, ಅಂದು ಮುಚ್ಚಿರುತ್ತವೆ. ಕೆಂಪುಕೋಟೆಯನ್ನೂ ಅದೇ ದಿನ ನೋಡುವ ಆಲೋಚನೆ ಇದ್ದರೆ ಸೋಮವಾರವೂ ಬೇಡ, ಅದು ಕೋಟೆಯ ರಜಾ ದಿನ. ವಾಪಸ್ ರೈಲು ಹತ್ತುವ ದಿನ ಅಥವಾ ಅದರ ಹಿಂದಿನ ಸಂಜೆಯೂ ಬೇಡ. ಎಷ್ಟೇ ಎಚ್ಚರ ವಹಿಸಿದರೂ ಹೊಸ ಊರಿನ ಎಣ್ಣೆ, ತುಪ್ಪಕ್ಕೆ ಹೊಟ್ಟೆ ಹೇಗೆ ಪ್ರತಿಕ್ರಿಯಿಸುತ್ತದೆಂದು ಹೇಳಲಾಗದು. ಎರಡು ರಾತ್ರಿಯ ರೈಲು ಪ್ರಯಾಣದಲ್ಲಿ ಅದನ್ನು ಪರೀಕ್ಷಿಸಬೇಕಾಗಿಲ್ಲ.

ಹೊತ್ತಿನ ವಿಷಯ. ಸಸ್ಯಾಹಾರಿ ಕುಟುಂಬಗಳಿಗೆ ಬೆಳಗಿನ ವಾಕ್ ಸರಿ. ಬೇಡ್ಮಿ ಪೂರಿ, ನಾಗೋರಿ ಹಲ್ವಾ ಬೆಳಗಿನ ತಿಂಡಿಗಳು. ಮಧ್ಯಾಹ್ನದ ಹೊತ್ತಿಗೆ ಖಾಲಿ. ಚಳಿಗಾಲದಲ್ಲಿ ಮಾತ್ರ ಸಿಗುವ ‘ದೌಲತ್ ಕೀ ಚಾಟ್’ ಕೂಡ ಬಿಸಿಲೇರುವ ಮುನ್ನವೇ ತಿನ್ನಬೇಕಾದದ್ದು. ಮಾಂಸಾಹಾರಿಗಳಿಗೆ ಜಾಮಾ ಮಸೀದಿ ಎದುರಿನ ಮಟಿಯಾ ಮಹಲ್ ಬೀದಿ ಸಂಜೆಯ ಹೊತ್ತಿಗೆ ಕಳೆಗಟ್ಟುತ್ತದೆ. ರಂಜಾನ್ ತಿಂಗಳಲ್ಲಿ ಆ ಬೀದಿಗೆ ಹಗಲು ಹೋಗಿ ಪ್ರಯೋಜನವಿಲ್ಲ. ಸೂರ್ಯಾಸ್ತದ ಮೇಲೆ ಹೋದರೆ ಕಾಲಿಡಲು ಜಾಗ ಇರುವುದಿಲ್ಲ, ಆದರೆ ನೋಡಲೇಬೇಕಾದ ಗದ್ದಲ ಅದು.

2. ವಾಕ್ ಆರಿಸಿ, ಬುಕ್ ಮಾಡುವ ಮುನ್ನ ಪ್ರಶ್ನೆ ಕೇಳಿ

ಜಾಲತಾಣದಲ್ಲಿ ಹುಡುಕಿದರೆ ಹತ್ತಾರು ವಾಕ್‌ಗಳು ಸಾಲಾಗಿ ಬರುತ್ತವೆ. ಮೊದಲು ಬರುವವೆಲ್ಲ ವಿದೇಶಿ ಪ್ರವಾಸಿಗರಿಗೆ ಡಾಲರ್ ಲೆಕ್ಕದಲ್ಲಿ ಮಾರುವಂಥವು. ಅವು ಕೆಟ್ಟವೆಂದಲ್ಲ. ಆದರೆ ‘ಇದು ಸಮೋಸಾ, ಇದನ್ನು ಕೈಯಲ್ಲಿ ತಿನ್ನುತ್ತಾರೆ’ ಎಂದು ಅರ್ಧ ಗಂಟೆ ವಿವರಿಸುವುದನ್ನು ಕೇಳಲು ನೀವು ದಾವಣಗೆರೆಯಿಂದ ಹೋಗಬೇಕಾಗಿಲ್ಲ. ಭಾರತೀಯರೇ ಹೆಚ್ಚಾಗಿ ಹೋಗುವ, ಹಿಂದಿಯಲ್ಲೂ ವಿವರಿಸುವ ವಾಕ್ ಹುಡುಕಿ. ಕನ್ನಡದಲ್ಲಿ ಹೇಳುವ ಗೈಡ್ ಸಿಗುತ್ತಾರೆಂದು ಎಣಿಸಬೇಡಿ. ಮನೆಯಲ್ಲಿ ಹಿಂದಿ ಬಲ್ಲವರು ಒಬ್ಬರಿದ್ದರೆ ಉಳಿದವರಿಗೆ ಅವರೇ ಗೈಡ್.

ನಾಲ್ಕು ಜನಕ್ಕಿಂತ ಹೆಚ್ಚಿದ್ದರೆ, ಅದರಲ್ಲೂ ಹಿರಿಯರು ಇದ್ದರೆ, ಪ್ರೈವೇಟ್ ವಾಕ್ ತೆಗೆದುಕೊಳ್ಳಿ. ತಲೆಲೆಕ್ಕದಲ್ಲಿ ವ್ಯತ್ಯಾಸ ಅಷ್ಟೇನೂ ಇರುವುದಿಲ್ಲ. ಬದಲಿಗೆ ಕುಳಿತುಕೊಳ್ಳಬೇಕು ಎನಿಸಿದಾಗ ಕುಳಿತುಕೊಳ್ಳಬಹುದು.

ದುಡ್ಡು ಕಳಿಸುವ ಮುನ್ನ ಈ ಪ್ರಶ್ನೆಗಳನ್ನು ಬರೆದೇ ಕೇಳಿ, ಉತ್ತರವೂ ಬರಹದಲ್ಲೇ ಇರಲಿ:

– ಹೇಳಿದ ಬೆಲೆಯಲ್ಲಿ ತಿಂಡಿಯ ದುಡ್ಡು ಸೇರಿದೆಯೇ? ನೀರು, ರಿಕ್ಷಾ, ಮೆಟ್ರೊ ಟಿಕೆಟ್?
– ಎಷ್ಟು ಕಡೆ ನಿಲ್ಲುತ್ತೀರಿ, ಅದರಲ್ಲಿ ಕುಳಿತು ತಿನ್ನುವ ಜಾಗ ಎಷ್ಟು?
– ಸಸ್ಯಾಹಾರಿಗಳಿಗೆ ಪೂರ್ತಿ ಬೇರೆ ದಾರಿ ಇದೆಯೇ, ಅಥವಾ ಅದೇ ದಾರಿಯಲ್ಲಿ ಮಾಂಸದ ಅಂಗಡಿಗಳನ್ನು ಬಿಟ್ಟು ಹೋಗುವುದೇ?
– ತಂಡದಲ್ಲಿ ಒಟ್ಟು ಎಷ್ಟು ಜನ?
– ಮಳೆ ಬಂದರೆ, ರೈಲು ತಡವಾದರೆ ದುಡ್ಡು ವಾಪಸ್ಸೋ, ದಿನಾಂಕ ಬದಲಾವಣೆಯೋ?
– ನಡುವೆ ಶೌಚಾಲಯ ಎಲ್ಲೆಲ್ಲಿ ಸಿಗುತ್ತದೆ?

ಕೊನೆಯ ಪ್ರಶ್ನೆ ಕೇಳಲು ನಾಚಿಕೆ ಬೇಡ. ಒಳ್ಳೆಯ ಗೈಡ್ ಇದಕ್ಕೆ ತಕ್ಷಣ ಜಾಗಗಳ ಹೆಸರು ಹೇಳುತ್ತಾರೆ. ‘ಏನೂ ತೊಂದರೆ ಇಲ್ಲ, ಬನ್ನಿ’ ಎಂದಷ್ಟೇ ಉತ್ತರ ಬಂದರೆ ಅವರು ಹೆಂಗಸರನ್ನು, ವಯಸ್ಸಾದವರನ್ನು ಕರೆದುಕೊಂಡು ಓಡಾಡಿದ್ದು ಕಡಿಮೆ ಎಂದರ್ಥ.

ಇಲ್ಲಿ ಎಡವುವ ಜಾಗ ಎರಡು. ಒಂದು, ಪೂರ್ತಿ ಹಣವನ್ನು ಯಾರದೋ ವೈಯಕ್ತಿಕ ನಂಬರಿಗೆ ಮುಂಗಡವಾಗಿ ಕಳಿಸಿಬಿಡುವುದು. ಸ್ವಲ್ಪ ಮುಂಗಡ ಕೊಟ್ಟು ಉಳಿದದ್ದನ್ನು ಅಲ್ಲೇ ಕೊಡುವ ವ್ಯವಸ್ಥೆ ಕೇಳಿ, ಇಲ್ಲವೇ ರದ್ದು ಮಾಡಿದರೆ ಹಣ ಮರಳಿಸುವ ನಿಯಮವನ್ನು ಸ್ಪಷ್ಟವಾಗಿ ಬರೆದಿರುವ ಬುಕಿಂಗ್ ತಾಣದ ಮೂಲಕ ಹೋಗಿ. ಎರಡು, ವಿಮರ್ಶೆಗಳಲ್ಲಿ ನಕ್ಷತ್ರ ಮಾತ್ರ ಎಣಿಸುವುದು. ನಕ್ಷತ್ರ ಬಿಡಿ, ತೀರಾ ಇತ್ತೀಚಿನ ಹತ್ತು ಅಭಿಪ್ರಾಯಗಳಲ್ಲಿ ಗೈಡ್‌ನ ಹೆಸರು ಎಷ್ಟು ಕಡೆ ಬರುತ್ತದೆ, ಅಂಗಡಿಗೆ ಕರೆದೊಯ್ದು ಸಾಮಾನು ಕೊಳ್ಳಲು ಒತ್ತಾಯಿಸಿದರೆಂದು ಯಾರಾದರೂ ಬರೆದಿದ್ದಾರೆಯೇ ನೋಡಿ. ಕಮಿಷನ್ ಆಸೆಗೆ ಶಾಲು, ಅತ್ತರಿನ ಅಂಗಡಿಗೆ ನುಗ್ಗಿಸುವ ವಾಕ್‌ನಲ್ಲಿ ತಿಂಡಿ ನೆಪಕ್ಕಷ್ಟೇ.

ಸ್ಮಾರಕಗಳ ಒಳಗೂ ವಿವರಣೆ ಬೇಕಿದ್ದರೆ ಗೈಡ್ ಬಳಿ ಪ್ರವಾಸೋದ್ಯಮ ಸಚಿವಾಲಯದ ಪರವಾನಗಿ ಬಿಲ್ಲೆ ಇದೆಯೇ ಎಂದು ಕೇಳಿ.

3. ಹೊಟ್ಟೆಯ ವಿಷಯ ಮುಚ್ಚಿಡಬೇಡಿ

ಬುಕ್ ಮಾಡುವಾಗ ಬರುವ ‘ಆಹಾರ ನಿರ್ಬಂಧ’ ಎಂಬ ಕಲಂನಲ್ಲಿ ನಮ್ಮವರು ‘ವೆಜ್’ ಎಂದು ಬರೆದು ಮುಗಿಸುತ್ತಾರೆ. ಅದು ಸಾಲದು. ದೆಹಲಿಯಲ್ಲಿ ವೆಜ್ ಎಂದರೆ ಮಾಂಸದ ತುಂಡು ಇಲ್ಲ ಎಂದಷ್ಟೇ ಅರ್ಥ ಮಾಡಿಕೊಳ್ಳುವ ಅಂಗಡಿಗಳೂ ಇವೆ. ನಿಮಗೆ ಯಾವುದು ನಡೆಯುತ್ತದೆ, ಯಾವುದು ನಡೆಯುವುದಿಲ್ಲ ಎಂಬುದನ್ನು ಬಿಡಿಸಿ ಬರೆಯಿರಿ: ಮೊಟ್ಟೆ ನಡೆಯುತ್ತದೆಯೇ? ಮಾಂಸವನ್ನೂ ಮಾಡುವ ಹೋಟೆಲ್ಲಿನಲ್ಲಿ ಸಸ್ಯಾಹಾರ ತಿನ್ನುತ್ತೀರಾ? ಒಂದೇ ಬಾಣಲೆಯ ಎಣ್ಣೆ ಆಗುತ್ತದೆಯೇ? ಈರುಳ್ಳಿ, ಬೆಳ್ಳುಳ್ಳಿ ಬಿಟ್ಟವರು ಇದ್ದಾರೆಯೇ? ಹಳೆ ದೆಹಲಿಯಲ್ಲಿ ಇದೊಂದೂ ಕಷ್ಟದ ಬೇಡಿಕೆಯಲ್ಲ. ಚಾಂದನಿ ಚೌಕದ ಬನಿಯಾ, ಜೈನ ಮನೆತನಗಳ ಗಿರಾಕಿಯನ್ನು ನೆಚ್ಚಿಕೊಂಡು ಬೆಳೆದ ಅಂಗಡಿಗಳು ಅಲ್ಲಿ ತುಂಬಾ ಇವೆ. 19ನೇ ಶತಮಾನದಿಂದ ಪರಾಠಾ ಮಾಡುತ್ತ ಬಂದಿರುವ ಪರಾಠೇ ವಾಲೀ ಗಲೀಯಲ್ಲಿ ಪರಾಠಾಗೂ ಪಲ್ಯಕ್ಕೂ ಈರುಳ್ಳಿ, ಬೆಳ್ಳುಳ್ಳಿ ಹಾಕದಿರುವುದು ರೂಢಿ. ಆದರೆ ನೀವು ಹೇಳದಿದ್ದರೆ ಗೈಡ್ ತನಗೆ ಅಭ್ಯಾಸವಾದ ದಾರಿಯಲ್ಲೇ ಕರೆದೊಯ್ಯುತ್ತಾರೆ.

ಲಿಂಗಪೂಜೆ ಆಗದೆ ಬಾಯಿಗೆ ಏನೂ ಹಾಕದ ಹಿರಿಯರು ಜೊತೆಗಿದ್ದರೆ ಎಂಟಕ್ಕೆ ಬದಲು ಒಂಬತ್ತೂವರೆಗೆ ಶುರುವಾಗುವ ವಾಕ್ ಕೇಳಿ. ಬೇಡ್ಮಿ ಆಗಲೂ ಸಿಗುತ್ತದೆ. ಲಾಡ್ಜಿನಲ್ಲಿ ಬಿಸಿನೀರು ಎಷ್ಟು ಹೊತ್ತಿಗೆ ಬರುತ್ತದೆಂದು ಹಿಂದಿನ ರಾತ್ರಿಯೇ ವಿಚಾರಿಸಿಕೊಳ್ಳಿ.

ಸಕ್ಕರೆ ಕಾಯಿಲೆ ಇರುವವರನ್ನು ಕರೆದೊಯ್ಯಬಹುದು, ಆದರೆ ಹಳೆ ದೆಹಲಿಯ ಬೆಳಗಿನ ತಿಂಡಿಯಲ್ಲಿ ಸಿಹಿಯ ಪಾಲು ದೊಡ್ಡದು: ಹಲ್ವಾ, ಜಿಲೇಬಿ, ರಬ್ಡಿ, ಲಸ್ಸಿ. ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಂಡು, ‘ವಾಕ್‌ನಲ್ಲಿ ಹೇಗೂ ತಿನ್ನುತ್ತೇವೆ’ ಎಂದು ಖಾಲಿ ಹೊಟ್ಟೆಯಲ್ಲಿ ಹೊರಡುವುದು ಅಪಾಯ. ಮೊದಲ ನಿಲುಗಡೆ ತಡವಾದರೆ ಸಕ್ಕರೆ ಮಟ್ಟ ಕುಸಿಯುತ್ತದೆ. ಹೊರಡುವ ಮುನ್ನ ನಿಮ್ಮ ವೈದ್ಯರನ್ನು ಕೇಳಿ, ಗೈಡ್‌ಗೂ ತಿಳಿಸಿ. ಶೇಂಗಾ, ಗೋಡಂಬಿಯಂಥದ್ದರ ಅಲರ್ಜಿ ಇದ್ದರೆ ಅದನ್ನೂ ಬರೆಯಿರಿ.

ಮಂಡಿನೋವಿನವರಿಗೆ ತಿಳಿಯಬೇಕಾದ ಸಂಗತಿ: 2021ರಿಂದ ಕೆಂಪುಕೋಟೆ ಬದಿಯಿಂದ ಫತೇಪುರಿ ಮಸೀದಿವರೆಗಿನ ಚಾಂದನಿ ಚೌಕದ ಮುಖ್ಯರಸ್ತೆಯಲ್ಲಿ ಬೆಳಿಗ್ಗೆ 9ರಿಂದ ರಾತ್ರಿ 9ರವರೆಗೆ ಮೋಟಾರು ವಾಹನಗಳಿಗೆ ಪ್ರವೇಶವಿಲ್ಲ. ಟ್ಯಾಕ್ಸಿ ಅಂಗಡಿ ಬಾಗಿಲಿಗೆ ಬರುವುದಿಲ್ಲ. ಸೈಕಲ್ ರಿಕ್ಷಾ ಉಂಟು. ವಾಕ್‌ನ ಉದ್ದದ ಭಾಗವನ್ನು ರಿಕ್ಷಾದಲ್ಲಿ ಮುಗಿಸಿ, ಗಲ್ಲಿಗಳಲ್ಲಿ ಮಾತ್ರ ನಡೆಯುವ ಏರ್ಪಾಟನ್ನು ಗೈಡ್ ಮಾಡಿಕೊಡುತ್ತಾರೆ.

ಮಾಂಸಾಹಾರಿ ಓದುಗರಿಗೆ ಒಂದೇ ಸೂಚನೆ. ಜಾಮಾ ಮಸೀದಿ ಸುತ್ತಿನ ಅಂಗಡಿಗಳಲ್ಲಿ ‘ಬಡೇ ಕಾ’ ಎಂದರೆ ಎಮ್ಮೆ, ಕೋಣದ ಮಾಂಸ. ‘ಮಟನ್’ ಎಂದರೆ ಆಡಿನದು. ಬೇಡದ್ದು ಯಾವುದೆಂದು ಮೊದಲೇ ಹೇಳಿ. ರಾತ್ರಿಯಿಡೀ ಸಣ್ಣ ಉರಿಯಲ್ಲಿ ಬೆಂದ ನಿಹಾರಿ ಎಂಬ ಮಾಂಸದ ಸಾರನ್ನು ಹೊಸಬರು ನಾಲ್ಕು ಜನಕ್ಕೆ ಒಂದು ಪ್ಲೇಟ್ ಹೇಳಿದರೆ ಸಾಕು.

4. ಊರಿನಲ್ಲೇ ಒಂದು ತಾಲೀಮು

ಇದನ್ನು ತಮಾಷೆಗೆ ಹೇಳುತ್ತಿಲ್ಲ. ಫುಡ್ ವಾಕ್ ಕೆಡಿಸುವ ದೊಡ್ಡ ತಪ್ಪು ಮೊದಲ ಎರಡು ನಿಲುಗಡೆಗಳಲ್ಲೇ ಹೊಟ್ಟೆ ತುಂಬಿಸಿಕೊಳ್ಳುವುದು. ಮೂರನೆಯ ಕಡೆಗೆ ಮುಖ ಸಪ್ಪಗಾಗುತ್ತದೆ, ಐದನೆಯ ಕಡೆಗೆ ‘ನಮ್ಮದು ಆಯಿತು, ನೀವು ತಿನ್ನಿ’. ದಾವಣಗೆರೆಯವರಿಗೆ ಈ ತಪ್ಪು ಸಹಜ, ಏಕೆಂದರೆ ನಾವು ಒಂದೇ ಕಡೆ ಕುಳಿತು ತೃಪ್ತಿಯಾಗುವಷ್ಟು ತಿಂದು ಅಭ್ಯಾಸವಿರುವವರು. ಬೆಣ್ಣೆ ದೋಸೆಯ ಹೋಟೆಲ್ಲಿನಲ್ಲಿ ಒಂದನ್ನು ತಿಂದು ಏಳುವವರನ್ನು ತೋರಿಸಿ.

ಹೊರಡುವ ಮುನ್ನ ಒಂದು ಸಂಜೆ, ಯಾರು ಯಾರು ಹೋಗುತ್ತೀರೋ ಅವರೆಲ್ಲ ಜಯದೇವ ವೃತ್ತದಿಂದ ಗಾಂಧಿ ವೃತ್ತದ ಕಡೆಗೆ, ಮೆರವಣಿಗೆಗಳು ಹೋಗುವ ದಾರಿಯಲ್ಲೇ, ನಡೆಯುತ್ತ ಹೊರಡಿ. ನಾಲ್ಕು ಜನಕ್ಕೆ ಒಂದು ಪ್ಲೇಟ್ ಮಂಡಕ್ಕಿ, ಎರಡು ಮೆಣಸಿನಕಾಯಿ ಬಜ್ಜಿ. ಇನ್ನೊಂದು ಕಡೆ ನಾಲ್ಕು ಜನಕ್ಕೆ ಒಂದೇ ಬೆಣ್ಣೆ ದೋಸೆ. ಕಾಲು ಭಾಗ ದೋಸೆ, ಚೂರು ಆಲೂಗಡ್ಡೆ ಪಲ್ಯ, ಅಷ್ಟೇ. ಕಾವಲಿಯ ಮೇಲೆ ಬೆಣ್ಣೆ ಕರಗುವ ವಾಸನೆಯ ನಡುವೆ ಎರಡನೆಯದನ್ನು ಹೇಳದೆ ಎದ್ದು ಬರುವುದೇ ಪರೀಕ್ಷೆ. ಕೊನೆಗೆ ಅರ್ಧರ್ಧ ಲೋಟ ಚಹಾ. ಇದನ್ನು ಪಾಸಾದವರು ದೆಹಲಿಯಲ್ಲಿ ಎಂಟನೆಯ ನಿಲುಗಡೆಯವರೆಗೂ ಉತ್ಸಾಹದಿಂದ ಇರುತ್ತಾರೆ. ಯಾರ ಕಾಲು ನೋಯುತ್ತದೆ, ಯಾರ ಚಪ್ಪಲಿ ಕಚ್ಚುತ್ತದೆ ಎಂಬುದೂ ಊರಿನಲ್ಲೇ ಗೊತ್ತಾಗುತ್ತದೆ.

ಹಂಚಿ ತಿನ್ನುವುದರಲ್ಲಿ ನಮ್ಮ ಮನೆಗಳ ಇನ್ನೊಂದು ತೊಡಕು ಎಂಜಲು. ದೆಹಲಿಯ ಅಂಗಡಿಯಲ್ಲಿ ಒಂದು ಎಲೆಯ ದೊನ್ನೆ, ಅದಕ್ಕೊಂದು ಮರದ ಪುಟ್ಟ ಚಮಚ ಕೊಡುತ್ತಾರೆ. ಅದರಲ್ಲೇ ನಾಲ್ವರೂ ತಿನ್ನಲು ಅತ್ತೆ ಮಾವ ಒಪ್ಪುವುದಿಲ್ಲ, ಕೇಳಲು ಸೊಸೆಗೆ ಸಂಕೋಚ, ಕೊನೆಗೆ ನಾಲ್ಕು ಪ್ಲೇಟ್ ತರಿಸಿ ಮೂರನ್ನು ಬಿಸಾಡುತ್ತಾರೆ. ಚಮಚ, ತಟ್ಟೆ ಒಯ್ಯಿರಿ ಎಂದದ್ದು ಇದಕ್ಕೇ. ಬಂದ ಕೂಡಲೇ ಯಾರೂ ಬಾಯಿಗೆ ಹಾಕುವ ಮೊದಲು ತಟ್ಟೆಗಳಿಗೆ ಬಡಿಸಿಬಿಡಿ.

5. ಆ ದಿನ ಬೆಳಿಗ್ಗೆ

ಎರಡು ಬಿಸ್ಕತ್ತು ಅಥವಾ ಒಂದು ಬಾಳೆಹಣ್ಣು, ಒಂದು ಲೋಟ ನೀರು. ಪೂರ್ತಿ ಉಪವಾಸವೂ ಬೇಡ, ಲಾಡ್ಜಿನ ತಿಂಡಿಯೂ ಬೇಡ.

ಮೆಟ್ರೊದಲ್ಲಿ ಹೋಗಿ. ಹಳದಿ ಮಾರ್ಗದಲ್ಲಿ ನವದೆಹಲಿ ರೈಲು ನಿಲ್ದಾಣದ ಮುಂದಿನ ನಿಲುಗಡೆ ಚಾವಡಿ ಬಜಾರ್, ಅದರ ಮುಂದಿನದು ಚಾಂದನಿ ಚೌಕ್. ನೇರಳೆ ಮಾರ್ಗದಲ್ಲಿ ಜಾಮಾ ಮಸೀದಿ ಮತ್ತು ಲಾಲ್ ಕಿಲಾ (ಕೆಂಪುಕೋಟೆ) ಎಂಬ ಬೇರೆ ನಿಲ್ದಾಣಗಳಿವೆ. ‘ಚಾಂದನಿ ಚೌಕ್ ಹತ್ತಿರ’ ಎಂದಷ್ಟೇ ಕೇಳಿಕೊಂಡು ಹೊರಟು ತಪ್ಪು ನಿಲ್ದಾಣದಲ್ಲಿ ಇಳಿದು ಪರದಾಡುವವರು ಬಹಳ. ನಿಲ್ದಾಣದ ಹೆಸರು ಮತ್ತು ಗೇಟ್ ಸಂಖ್ಯೆ ಎರಡನ್ನೂ ಬರೆಸಿಕೊಳ್ಳಿ. ಹೆಂಗಸರಿಗೆ ಮೊದಲ ಬೋಗಿ ಮೀಸಲು. ದಟ್ಟಣೆಯ ಹೊತ್ತಿನಲ್ಲಿ ಪರ್ಸ್, ಮೊಬೈಲ್ ಮುಂಭಾಗದ ಜೇಬಿನಲ್ಲಿರಲಿ, ಬ್ಯಾಗು ಎದೆಯ ಮೇಲಿರಲಿ. ಮಾಂಗಲ್ಯ ಬಿಟ್ಟು ಉಳಿದ ಒಡವೆಯನ್ನು ಊರಿನಲ್ಲೇ ಬಿಟ್ಟು ಬರುವುದು ಉತ್ತಮ.

ಗೇಟಿನ ಹೊರಗೆ ಬಂದ ಕೂಡಲೇ ಯಾರಾದರೂ ಹತ್ತಿರ ಬಂದು ‘ಇಂದು ಆ ರಸ್ತೆ ಬಂದ್, ನಿಮ್ಮ ಗೈಡ್ ನನ್ನನ್ನು ಕಳಿಸಿದ್ದಾರೆ’ ಎಂದರೆ ಕದಲಬೇಡಿ. ಗೈಡ್‌ಗೆ ಫೋನ್ ಮಾಡಿ, ಅವರು ಎದುರಿಗೆ ಬರುವವರೆಗೆ ನಿಂತಲ್ಲೇ ನಿಲ್ಲಿ. ಪ್ರವಾಸಿಗರ ಸಹಾಯವಾಣಿ 1363, ತುರ್ತಿಗೆ 112.

6. ಬೀದಿಯಲ್ಲಿ

ಇಲ್ಲಿಂದ ಮುಂದೆ ಗೈಡ್ ಹೇಳಿದಂತೆ. ಆದರೂ ಕೆಲವನ್ನು ಮೊದಲೇ ತಿಳಿದು ಹೋದರೆ ತಿನ್ನುವುದು ಹಗುರ.

ಬೇಡ್ಮಿ ಪೂರಿ ನಮ್ಮ ಪೂರಿಯಂತೆ ಉಬ್ಬಿ ಮೆತ್ತಗಿರುವುದಿಲ್ಲ. ಗೋಧಿ ಹಿಟ್ಟಿನೊಳಗೆ ಉದ್ದಿನಬೇಳೆ, ಮಸಾಲೆ ಸೇರಿ ಸ್ವಲ್ಪ ತರಿತರಿಯಾಗಿ, ಗರಿಯಾಗಿ ಇರುತ್ತದೆ. ಜೊತೆಗೆ ನೀರಾದ ಆಲೂಗಡ್ಡೆ ಸಾರು. ಅದರ ಖಾರ ತಡವಾಗಿ ಗಂಟಲಿಗೆ ಹತ್ತುತ್ತದೆ. ಖಾರ ಹತ್ತಿದ ಕೂಡಲೇ ಅಂಗಡಿಯ ಲೋಟದ ನೀರಿಗೆ ಕೈ ಚಾಚಬೇಡಿ, ನಿಮ್ಮ ಬಾಟಲಿಯ ನೀರು ಕುಡಿಯಿರಿ. ನಾಗೋರಿ ಎಂಬುದು ರವೆಯ ಪುಟ್ಟ ಗರಿ ಪೂರಿ. ಅದನ್ನು ಮುರಿದು ಹಲ್ವಾದ ಜೊತೆ ತಿನ್ನುತ್ತಾರೆ, ಕೆಲವರು ಆಲೂಗಡ್ಡೆ ಸಾರನ್ನೂ ಸೇರಿಸುತ್ತಾರೆ. ಸಿಹಿ, ಖಾರ ಒಟ್ಟಿಗೆ ಎಂದು ಮೂಗು ಮುರಿಯದೆ ಒಂದು ತುತ್ತು ನೋಡಿ.

ದರೀಬಾ ಕಲಾಂ ರಸ್ತೆಯ ಮೂಲೆಯಲ್ಲಿ 1884ರಿಂದ ನಡೆಯುತ್ತಿರುವ ಜಿಲೇಬಿ ಅಂಗಡಿಯ ಮುಂದೆ ಬಹುತೇಕ ಎಲ್ಲ ವಾಕ್‌ಗಳೂ ನಿಲ್ಲುತ್ತವೆ. ಬೆರಳು ದಪ್ಪದ ಸುರುಳಿ, ಕರಿಯುವುದು ತುಪ್ಪದಲ್ಲಿ. ಬಾಣಲೆಯಿಂದ ಪಾಕಕ್ಕೆ ಬಿದ್ದು ಎದ್ದ ಜಿಲೇಬಿಯ ಒಳಗಿನ ಪಾಕ ಹೊರಗಿಗಿಂತ ಬಿಸಿ. ಅವಸರದಲ್ಲಿ ಕಚ್ಚಿದರೆ ನಾಲಿಗೆ ಸುಟ್ಟು ಉಳಿದ ವಾಕ್ ಪೂರ್ತಿ ರುಚಿಯೇ ತಿಳಿಯದು. ಇಬ್ಬರಿಗೆ ಒಂದು ಸಾಕು. ‘ರಬ್ಡಿ ಹಾಕಲೇ’ ಎಂದು ಕೇಳುತ್ತಾರೆ. ರಬ್ಡಿ ಎಂದರೆ ಕೆನೆಗಟ್ಟುವಂತೆ ಬತ್ತಿಸಿದ ಸಿಹಿ ಹಾಲು. ಮುಂದೆ ಇನ್ನೂ ನಾಲ್ಕು ನಿಲುಗಡೆ ಇದ್ದರೆ ಬೇಡ ಎನ್ನಿ.

‘ದೇಸಿ ಘೀ’ ಎಂದರೆ ಹಾಲಿನ ತುಪ್ಪ; ‘ವನಸ್ಪತಿ’ ಅಥವಾ ‘ಡಾಲ್ಡಾ’ ಎಂದರೆ ಗಟ್ಟಿಗೊಳಿಸಿದ ಎಣ್ಣೆ. ಬೋರ್ಡಿನಲ್ಲಿ ದೇಸಿ ಘೀ ಎಂದಿದ್ದರೂ ಎಲ್ಲ ಬಾಣಲೆಯಲ್ಲೂ ಅದೇ ಇರುತ್ತದೆಂದಲ್ಲ, ಗೈಡ್ ಕೇಳಿ ಹೇಳಲಿ. ಪರಾಠೇ ವಾಲೀ ಗಲೀಯಲ್ಲಿ ಪರಾಠಾವನ್ನು ನಮ್ಮ ಮನೆಯ ಚಪಾತಿಯಂತೆ ಸವರಿ ಬೇಯಿಸುವುದಿಲ್ಲ, ಬಾಣಲೆಯ ತುಪ್ಪದಲ್ಲಿ ಮುಳುಗಿಸಿ ಕರಿಯುತ್ತಾರೆ. ಆ ಗಲ್ಲಿಯ ಹೆಸರು ದೊಡ್ಡದು. ರುಚಿಯಲ್ಲಿ ನನಗೆ ಬೇಡ್ಮಿಯೇ ಮೇಲು. ಗೈಡ್ ಅದನ್ನು ಬಿಟ್ಟು ಕರೆದೊಯ್ದರೆ ಮೋಸ ಹೋದೆವೆಂದು ತಿಳಿಯಬೇಡಿ.

ದೌಲತ್ ಕೀ ಚಾಟ್ ಹೆಸರು ಚಾಟ್ ಆದರೂ ಖಾರದ್ದಲ್ಲ. ಚಳಿಗಾಲದಲ್ಲಿ ಹಾಲನ್ನು ಕಡೆದು ತೆಗೆದ ನೊರೆ, ಮೇಲೆ ಕೇಸರಿ, ಖೋವಾ, ಪುಡಿ ಸಕ್ಕರೆ. ಮಾರುವವರು ಬಿದಿರಿನ ನಿಲುವಿನ ಮೇಲೆ ಅಗಲವಾದ ತಟ್ಟೆ ಇಟ್ಟುಕೊಂಡು ನಿಂತಿರುತ್ತಾರೆ. ಚಮಚ ಅದರೊಳಗೆ ಇಳಿದದ್ದೇ ಗೊತ್ತಾಗುವುದಿಲ್ಲ, ಬಾಯಿಗಿಟ್ಟರೆ ಸಿಹಿ ಮಾತ್ರ ಉಳಿಯುತ್ತದೆ. ಫೋಟೊ ತೆಗೆಯುತ್ತ ನಿಂತರೆ ದೊನ್ನೆಯಲ್ಲೇ ಕುಸಿದು ಹಾಲಾಗುತ್ತದೆ. ಹಾಲು ಕಾಯಿಸಿದ್ದೇ ಎಂದು ಕೇಳಿಕೊಳ್ಳಿ. ಬಸುರಿಯರು, ಚಿಕ್ಕ ಮಕ್ಕಳು ಇದನ್ನು ಬಿಡುವುದು ಕ್ಷೇಮ.

ಬಿಡಬೇಕಾದವು ಇನ್ನೂ ಕೆಲವಿವೆ: ಐಸ್ ಹಾಕಿದ ಪಾನೀಯ, ಹೆಚ್ಚಿಟ್ಟ ಹಣ್ಣು, ತೆರೆದಿಟ್ಟ ಹಸಿ ಚಟ್ನಿ, ಪಾನಿಪುರಿಯ ನೀರು. ಚಾವಡಿ ಬಜಾರ್ ಕಡೆ ಸಿಗುವ ‘ಕುಲ್ಲೆ’ ಎಂಬ ತಿಂಡಿಯಲ್ಲಿ ಹಣ್ಣು, ಆಲೂಗಡ್ಡೆಯ ತಿರುಳು ಕೊರೆದು ಕಡಲೆ, ದಾಳಿಂಬೆ ತುಂಬಿ ನಿಂಬೆರಸ ಹಿಂಡಿ ಕೊಡುತ್ತಾರೆ. ಆಸೆಯಾದರೆ ಕಣ್ಣೆದುರೇ ಕೊರೆಸಿಕೊಳ್ಳಿ. ನಿಮ್ಮೆದುರು ಬಾಣಲೆಯಿಂದ ಏಳುವುದು, ಕುದಿಯುವುದು, ಗಿರಾಕಿ ಹೆಚ್ಚಿರುವ ಕಡೆಯದು, ಈ ಮೂರರಲ್ಲಿ ಎರಡಾದರೂ ಇರಲಿ. ಅಂಗಡಿಗಳ ಗೋಡೆಯಲ್ಲಿ ಆಹಾರ ಸುರಕ್ಷತೆಯ ಸರ್ಕಾರಿ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ ಪರವಾನಗಿಯ 14 ಅಂಕಿಗಳ ಸಂಖ್ಯೆ ತೂಗುಹಾಕಿರುತ್ತಾರೆ. ಅದು ಇದ್ದರೆ ಒಳ್ಳೆಯದು. ಆದರೆ ಅದನ್ನು ನೋಡಿ ಸಮಾಧಾನಪಟ್ಟು ಸಿಂಕಿನ ಪಕ್ಕದ ಬಕೆಟ್ ನೋಡದಿರಬೇಡಿ.

ಗಲ್ಲಿಗಳಲ್ಲಿ ನಡೆಯುವಾಗ ಹಿಂದಿನಿಂದ ಬರುವ ಕೂಗಿಗೆ ಕಿವಿ ಇರಲಿ. ಹೊರೆ ಹೊತ್ತ ಹಮಾಲರಿಗೂ ತಳ್ಳುಗಾಡಿಗೂ ಅಲ್ಲಿ ನಿಲ್ಲುವ ಅಭ್ಯಾಸವಿಲ್ಲ, ಪಕ್ಕಕ್ಕೆ ಸರಿಯಬೇಕಾದವರು ನೀವೇ. ಮಧ್ಯದಲ್ಲಿ ಸೀಸ್‌ಗಂಜ್ ಗುರುದ್ವಾರಕ್ಕೆ ಕರೆದೊಯ್ದರೆ ತಲೆ ಮುಚ್ಚಿ, ಪಾದರಕ್ಷೆ ಬಿಟ್ಟು, ಕಾಲು ತೊಳೆದು ಒಳಗೆ ಹೋಗಿ. 1675ರಲ್ಲಿ ಗುರು ತೇಗ್ ಬಹಾದ್ದೂರರ ಶಿರಚ್ಛೇದ ನಡೆದ ಜಾಗ ಅದು. ಪ್ರಸಾದವನ್ನು ಎರಡೂ ಕೈ ಜೋಡಿಸಿ ತೆಗೆದುಕೊಳ್ಳಿ. ಲಂಗರ್‌ನಲ್ಲಿ, ಅಂದರೆ ಅಲ್ಲಿನ ದಾಸೋಹದಲ್ಲಿ, ಕುಳಿತರೆ ತಟ್ಟೆಯಲ್ಲಿ ಬಿಡುವಂತಿಲ್ಲ. ಹೊಟ್ಟೆಯಲ್ಲಿ ಜಾಗವಿಲ್ಲದಿದ್ದರೆ ಕೈಮುಗಿದು ಬನ್ನಿ.

7. ಮುಗಿದ ಮೇಲೆ

ಟಿಪ್ ಕೊಡಲೇಬೇಕೆಂಬ ನಿಯಮವಿಲ್ಲ. ಹಿರಿಯರ ಹೆಜ್ಜೆಗೆ ಹೆಜ್ಜೆ ಹಾಕಿ ಕರೆದೊಯ್ದಿದ್ದರೆ ಕೊಡಿ, ಕೈಗೇ ಕೊಡಿ. ದಾರಿ ಮಧ್ಯೆ ಏನಾದರೂ ಸರಿಯೆನಿಸದಿದ್ದರೆ ಊರಿಗೆ ಬಂದು ಒಂದು ನಕ್ಷತ್ರ ಹಾಕುವುದಕ್ಕಿಂತ ಅಲ್ಲೇ ಹೇಳಿ. ಬಹುತೇಕ ಗೈಡ್‌ಗಳು ನಿಲುಗಡೆ ಬದಲಿಸಿಕೊಡುತ್ತಾರೆ.

ಆ ಮಧ್ಯಾಹ್ನ ಊಟ ಬಿಡಿ, ಸಂಜೆಗೆ ಮೊಸರನ್ನ ಸಾಕು. ತಂಡದ ಅಡುಗೆಯವರಿಗೆ ಬೆಳಿಗ್ಗೆಯೇ ಹೇಳಿಡಿ, ಇಲ್ಲದಿದ್ದರೆ ನಿಮ್ಮ ಪಾಲಿನ ಅನ್ನ ಉಳಿದು ಅವರ ಮುಖ ಊದಿಕೊಳ್ಳುತ್ತದೆ.

ಭೇದಿ ಶುರುವಾದರೆ ಮೊದಲು ಓಆರ್‌ಎಸ್. ದೊಡ್ಡ ಪೊಟ್ಟಣ ಒಂದು ಲೀಟರ್ ನೀರಿಗೆ, ಸಣ್ಣದು 200 ಮಿಲಿಲೀಟರಿಗೆ; ಪೊಟ್ಟಣದ ಮೇಲೆ ಬರೆದಷ್ಟೇ ನೀರು ಹಾಕಿ, ಕಲಸಿದ್ದನ್ನು 24 ಗಂಟೆಯೊಳಗೆ ಮುಗಿಸಿ. ಹಣ್ಣಿನ ರುಚಿಯ ಸಿಹಿ ಪಾನೀಯದ ಡಬ್ಬಿಗಳು ಓಆರ್‌ಎಸ್‌ಗೆ ಬದಲಿಯಲ್ಲ. ಭೇದಿ ನಿಲ್ಲಿಸುವ ಮಾತ್ರೆಯನ್ನು ಮೆಡಿಕಲ್ ಅಂಗಡಿಯವರ ಮಾತು ಕೇಳಿ ಮಕ್ಕಳಿಗೆ ಕೊಡಬೇಡಿ. ಜ್ವರ ಬಂದರೆ, ಮಲದಲ್ಲಿ ರಕ್ತ ಕಂಡರೆ, ಕುಡಿದ ನೀರೂ ನಿಲ್ಲದಿದ್ದರೆ ವೈದ್ಯರ ಬಳಿ ಹೋಗಿ. ರೈಲು ಹತ್ತಿ ಊರಿನಲ್ಲಿ ತೋರಿಸೋಣ ಎನ್ನಬೇಡಿ.

8. ಖಾರಿ ಬಾವೋಲಿಯಲ್ಲಿ ಕೊಳ್ಳುವುದಾದರೆ

ಫತೇಪುರಿ ಮಸೀದಿಯ ಆಚೆಗಿನ ಈ ಮಸಾಲೆ ಮಾರುಕಟ್ಟೆಯಲ್ಲಿ ಹಲವು ವಾಕ್‌ಗಳು ಮುಗಿಯುತ್ತವೆ. ಒಣಮೆಣಸಿನಕಾಯಿ ಮೂಟೆಗಳ ನಡುವೆ ಕಾಲಿಟ್ಟ ಕೂಡಲೇ ಕೆಮ್ಮು ಶುರುವಾಗುತ್ತದೆ, ಕರವಸ್ತ್ರ ಮೂಗಿಗೆ ಹಿಡಿಯಿರಿ. ಉಬ್ಬಸ ಇರುವವರು ಹೊರಗೇ ನಿಲ್ಲಲಿ.

ಒಣಹಣ್ಣು, ಕಪ್ಪು ಏಲಕ್ಕಿ, ಶಾಹಿ ಜೀರಿಗೆ, ಅಂದರೆ ಸಣ್ಣಗೆ ಕಪ್ಪಾಗಿರುವ ಜೀರಿಗೆ, ಇಲ್ಲಿ ಕೊಳ್ಳಬಹುದು. ಮೊದಲ ಅಂಗಡಿಯಲ್ಲೇ ತೂಗಿಸಬೇಡಿ, ಮೂರು ಕಡೆ ದರ ಕೇಳಿ. ಪುಡಿ ಮಾಡಿದ್ದಕ್ಕಿಂತ ಇಡಿಯದನ್ನೇ ಕೊಳ್ಳಿ, ಕಲಬೆರಕೆ ಕಣ್ಣಿಗೆ ಕಾಣುತ್ತದೆ. ಅಗ್ಗದ ಕೇಸರಿಯನ್ನು ಮುಟ್ಟಲೂ ಬೇಡಿ. ಕೆಂಪಗೆ ಸುಕ್ಕುಗಟ್ಟಿದ ಮೆಣಸಿನಕಾಯಿಯ ಮೂಟೆ ತೋರಿಸಿ ‘ಬ್ಯಾಡಗಿ ಮಿರ್ಚ್, ನಿಮ್ಮ ಕಡೆಯದೇ’ ಎಂದು ಅಂಗಡಿಯವರು ಪ್ರೀತಿಯಿಂದ ಕರೆಯಬಹುದು. ಅದು ನಮ್ಮ ಪಕ್ಕದ ಹಾವೇರಿ ಜಿಲ್ಲೆಯಿಂದ ದೆಹಲಿಯವರೆಗೆ ಬಾಡಿಗೆ ಕೊಟ್ಟುಕೊಂಡು ಹೋದ ಮೆಣಸಿನಕಾಯಿ. ನಮಸ್ಕಾರ ಹೇಳಿ ಮುಂದೆ ಹೋಗಿ, ಬೇಕಿದ್ದರೆ ಚೌಕಿಪೇಟೆಯಲ್ಲಿ ಕೊಂಡರಾಯಿತು.